ಮಗುವಿಗೊಂದು, ನಾಯಿಗೊಂದು ತುತ್ತು

ಅಕ್ಕನ ಮಗಳಿಗೆ ಊಟ ಮಾಡಿಸುತ್ತಿದ್ದದ್ದು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ. ಒಳಗೆ ಕೂರಿಸಿದರೆ ಎರಡೂವರೆ ವರ್ಷದ ಮಗು ಚೆಲ್ಲಿದ ಅಗುಳೆಲ್ಲ ನೆಲವನ್ನು ಎಂಜಲು ಮಾಡುತ್ತಿತ್ತು. ಎಂಜಲಾದ ನೆಲವನ್ನು ಪ್ರತಿ ಸಲವೂ ಸೆಗಣಿ ಹಾಕಿ ಒರೆಸಬೇಕು, ಒರೆಸಬೇಕಾದ ಅಮ್ಮನಿಗೆ ಸೊಂಟ ಬಗ್ಗದು. ಮೆಟ್ಟಿಲಾದರೆ ಆ ತೊಂದರೆಯಿಲ್ಲ. ಚೆಲ್ಲಿದ್ದನ್ನು ನಾಯಿ ನೆಕ್ಕುತ್ತಿತ್ತು, ಮೇಲೊಂದು ಚೆಂಬು ನೀರು ಸುರಿದರೆ ಮುಗಿಯಿತು. ಸಾಲಿಗ್ರಾಮದ ಸುತ್ತಮುತ್ತ ನಾನು ಕಂಡ ಮನೆಗಳಲ್ಲೆಲ್ಲ ಮಕ್ಕಳು ಉಂಡದ್ದು ಹೀಗೆಯೇ. ನಾನೂ ಹೀಗೆಯೇ ಉಂಡು ದೊಡ್ಡವನಾದೆ ಎಂದು ಅಮ್ಮ ಹೇಳುತ್ತಿದ್ದಳು. ನನಗೆ ಅದರ ನೆನಪಿಲ್ಲ. ಇದೆ ಎಂದು ಹೇಳಿದರೂ ನಂಬಬೇಕಾಗಿಲ್ಲ. ಇದನ್ನು ಬರೆಯಲು ಕೂರುವ ಮೊದಲು ಆ ವರ್ಷದ ದಿನಚರಿಯನ್ನು ತೆಗೆದು ಓದಿದ ಮೇಲೆ ನನ್ನ ನೆನಪಿನ ಮೇಲೆ ನನಗೇ ಭರವಸೆ ಕಡಿಮೆಯಾಗಿದೆ.

ಯುದ್ಧ ನಡೆಯುತ್ತಿದ್ದ ಕಾಲ. ಭಾವ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಬಾಂಬು ಬೀಳುತ್ತದೆ ಎಂಬ ಸುದ್ದಿಗೆ ಹೆದರಿ ಅಕ್ಕನನ್ನೂ ಮಗುವನ್ನೂ ಊರಿಗೆ ಕಳಿಸಿದರು. ಬಾಂಬು ಬೀಳಲಿಲ್ಲ, ಆದರೆ ಮಗು ಬರುವಾಗಲೇ ಆಮಶಂಕೆ ಹಿಡಿಸಿಕೊಂಡು ಬಂದಿತ್ತು. ಕುಂದಾಪುರದ ಡಾಕ್ಟರು ಅದನ್ನು ನಿಲ್ಲಿಸಿದರು. ಇನ್ನು ಮುಂದಿನದು ಔಷಧದ ಕೆಲಸವಲ್ಲ, ಅನ್ನದ ಕೆಲಸ, ಹೊಟ್ಟೆಗೆ ಬೀಳದಿದ್ದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಮಗುವೋ ಅನ್ನ ಕಂಡರೆ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಅದರ ತೋಳು ನನ್ನ ಎರಡು ಬೆರಳಿನಷ್ಟು. ಅಕ್ಕ ದಿನಕ್ಕೆ ಹತ್ತು ಸಲ ಅದರ ಪಕ್ಕೆಲುಬನ್ನು ಸವರಿ ನೋಡುತ್ತಿದ್ದಳು, ಬೆಳಗಿನಿಂದ ಸಂಜೆಗೆ ಮಾಂಸ ತುಂಬಿಕೊಳ್ಳುತ್ತದೆಯೋ ಎಂಬ ಹಾಗೆ.

ಉಪಾಯ ಕಂಡುಹಿಡಿದವಳು ಅಮ್ಮ. ಒಂದು ದಿನ ಮಗು ತುತ್ತನ್ನು ದೂಡಿದಾಗ ಅಮ್ಮ ಬೇಸತ್ತು ಅದನ್ನು ಅಂಗಳದಲ್ಲಿದ್ದ ನಾಯಿಗೆ ಎಸೆದಳು. ನಾಯಿ ಗಾಳಿಯಲ್ಲೇ ಹಿಡಿದು ನುಂಗಿತು. ಮಗು ನಕ್ಕಿತು. ಅಮ್ಮ ಮತ್ತೊಂದು ತುತ್ತನ್ನು ಕಟ್ಟಿ, ನಾಯಿಯ ಕಡೆಗೆ ಕೈ ಚಾಚಿ, ಮಗುವಿಗೆ ಹೇಳಿದಳು: "ಕುನ್ನಿ ತಿಂತ್ ಕಾಣ್, ಬೇಗ ಆ ಮಾಡ್." ಮಗು ಬಾಯಿ ತೆರೆಯಿತು.

ಅಂದಿನಿಂದ ಅದೇ ಕ್ರಮವಾಯಿತು. ಮಗುವಿಗೆರಡು, ನಾಯಿಗೊಂದು. ನಾಯಿಯ ಪಾಲು ತೀರ ಚಿಕ್ಕದು, ಗೋಲಿಯಷ್ಟು. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಬೆರಳು ಮಡಿಚಿ ಎಣಿಸುತ್ತಿದ್ದಳು. ಮಗುವಿನ ಹೊಟ್ಟೆಗೆ ಎಂಟು ತುತ್ತು ಇಳಿದ ದಿನ ಅವಳು ಕಣ್ಣೊರೆಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ, ದಿನಚರಿಯಲ್ಲೂ ಇದೆ. ಆದ್ದರಿಂದ ಅದು ನಡೆದಿರಲೇಬೇಕು.

ಆಗ ನಾನು ಮದ್ರಾಸಿನಿಂದ ಬಿ.ಎ. ಮುಗಿಸಿ ಬಂದು, ಅರ್ಜಿಗಳನ್ನು ಹಾಕಿ, ಉತ್ತರ ಕಾಯುತ್ತ ಮನೆಯಲ್ಲಿ ಕೂತಿದ್ದೆ. ಅಪ್ಪಯ್ಯ ಊರ ದೇವಸ್ಥಾನದ ಪೂಜೆಯವರು. ಅವರು ಬೇರೆ ಊರಿಗೆ ಹೋದಾಗ ನಾನು ಪೂಜೆ ಮಾಡುತ್ತಿದ್ದೆ. ಉಳಿದ ಹೊತ್ತಿನಲ್ಲಿ ಜಗಲಿಯ ಮೇಲೆ ಕೂತು ಮನೆಯವರು ಮಾಡುವುದನ್ನೆಲ್ಲ ನೋಡುತ್ತಿದ್ದೆ. ಇಂಥವನ ಮಾತಿಗೆ ಮನೆಯಲ್ಲಿ ಎಷ್ಟು ಬೆಲೆ ಇರುತ್ತದೆಯೋ ಅಷ್ಟೇ ನನ್ನ ಮಾತಿಗೂ ಇತ್ತು.

ನೋಡುತ್ತ ಕೂತವನಿಗೆ ಕಂಡದ್ದು ನಾಯಿ. ಕಪ್ಪು ಮೈ, ಹುಬ್ಬಿನ ಜಾಗದಲ್ಲಿ ಎರಡು ಕಂದು ಬೊಟ್ಟು. ಆರು ವರ್ಷದಿಂದ ನಮ್ಮಲ್ಲಿದ್ದರೂ ಅದಕ್ಕೊಂದು ಹೆಸರಿರಲಿಲ್ಲ. ಹೊಸ್ತಿಲು ದಾಟುವಂತಿರಲಿಲ್ಲ, ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಸ್ನಾನ. ಮುಟ್ಟುತ್ತಿದ್ದದ್ದು ಮಗು ಮಾತ್ರ. ಕಿವಿ ಹಿಡಿದು ಎಳೆಯುತ್ತಿತ್ತು, ಬೆನ್ನ ಮೇಲೆ ಒರಗುತ್ತಿತ್ತು. ನಾಯಿ ಮುಖ ತಿರುಗಿಸಿ, ನಾಲಿಗೆಯಿಂದ ಮೂಗು ನೆಕ್ಕಿಕೊಂಡು ಸುಮ್ಮನಿರುತ್ತಿತ್ತು. ಎಷ್ಟು ಪಾಪದ್ದು ಎಂದು ಎಲ್ಲರೂ ಹೊಗಳುತ್ತಿದ್ದರು. ನಾನೂ ಹೊಗಳಿದ್ದೇನೆ.

ಊಟದ ಹೊತ್ತಿನ ನಾಯಿ ಬೇರೆ. ಮೊದಮೊದಲು ಅಂಗಳದಲ್ಲಿ ಕೂರುತ್ತಿದ್ದದ್ದು ದಿನದಿಂದ ದಿನಕ್ಕೆ ಮೆಟ್ಟಿಲಿಗೆ ಹತ್ತಿರವಾಯಿತು. ಅಮ್ಮನ ಕೈ ತನ್ನ ಕಡೆಗೆ ಬಂದು ಮಗುವಿನ ಬಾಯಿಗೆ ತಿರುಗುವಾಗ ಅದರ ಮೈ ಕಟ್ಟಿಗೆಯ ಹಾಗೆ ಬಿಗಿಯುತ್ತಿತ್ತು. ತಲೆ ಅಲ್ಲಾಡುತ್ತಿರಲಿಲ್ಲ, ಕಣ್ಣು ಮಾತ್ರ ತುತ್ತಿನ ಹಿಂದೆ ಹೋಗುತ್ತಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ಒಂದು ಬೆಳಿಗ್ಗೆ ಮಗು ನೆಲಕ್ಕೆ ಬಿದ್ದ ಅಗುಳನ್ನು ಹೆಕ್ಕಲು ಕೈ ಚಾಚಿದಾಗ ನಾಯಿಯ ಗಂಟಲಿನೊಳಗೆ ಒಂದು ಸದ್ದಾಯಿತು. ಆ ದಿನದ ದಿನಚರಿಯಲ್ಲಿ ಎರಡೇ ಸಾಲು: "ನಾಯಿ ಗುರ್ ಎಂದಿತು. ನಾನು ಬಿಟ್ಟರೆ ಯಾರೂ ಕೇಳಲಿಲ್ಲ."

ಕಾರಣ ನನಗೆ ಹೊಳೆದಿತ್ತು, ಅಥವಾ ಹೊಳೆದಿತ್ತು ಎಂದು ಈಗ ಅನ್ನಿಸುತ್ತದೆ. ಮೊದಲೆಲ್ಲ ನಾಯಿಯ ಊಟ ಎಂದರೆ ನಾವು ಉಂಡೆದ್ದ ಬಾಳೆಲೆ. ಹಿತ್ತಿಲ ಮೂಲೆಗೆ ಎಸೆದ ಎಲೆಗಳಲ್ಲಿ ಅನ್ನ, ಹುಳಿ, ಹಪ್ಪಳದ ಚೂರು ಎಲ್ಲ ಇರುತ್ತಿತ್ತು. ಅಕ್ಕಿ ಕಂಟ್ರೋಲಿಗೆ ಬಂದ ಮೇಲೆ, ಗದ್ದೆಯ ಭತ್ತವನ್ನೂ ಸರಕಾರದವರು ಅಳೆಸಿಕೊಂಡು ಹೋದ ಮೇಲೆ, ನಮ್ಮ ಎಲೆಗಳು ತೊಳೆದಿಟ್ಟ ಹಾಗೆ ಇರುತ್ತಿದ್ದವು. ಗಂಜಿಯ ತಿಳಿ ದನಕ್ಕೆ. ನಾಯಿಗೆ ಉಳಿದದ್ದು ಮಗುವಿನ ಊಟದ ಹೊತ್ತಿನ ಗೋಲಿಗಳು ಮತ್ತು ಮೆಟ್ಟಿಲಿನ ಅಗುಳು. ಅದರ ಲೆಕ್ಕದಲ್ಲಿ ಆ ಮೆಟ್ಟಿಲೇ ಅದರ ಎಲೆ. ಮಗು ದಿನಕ್ಕೆ ಮೂರು ಹೊತ್ತು ಬಂದು ಆ ಎಲೆಯ ಮೇಲೆ ಕೂತು ಅದರ ಪಾಲನ್ನು ಉಣ್ಣುತ್ತಿತ್ತು.

ಇದನ್ನು ಮನೆಯಲ್ಲಿ ಹೇಳಿದೆ, ನಾಯಿಗೆ ಬೇರೆಯಾಗಿ ಎರಡು ಹೊತ್ತು ಅನ್ನ ಹಾಕಬೇಕು ಎಂದೆ. ಹೇಳಿದ ರೀತಿ ಸರಿಯಿರಲಿಲ್ಲವೇನೋ. ಭಾಷಣದ ಹಾಗೆ ಹೇಳಿರಬೇಕು. ಅಕ್ಕ ಹೂ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

"ಮದ್ರಾಸಲ್ ಕೂಕಂಡ್ ಕುನ್ನಿ ಶಾಸ್ತ್ರವೂ ಓದ್ಯಾ ಮಾರಾಯ?" ಎಂದಳು. "ಈ ಹೆಣ್ಣಿನ ಹೊಟ್ಟಿಗೆ ನಾಕ್ ತುತ್ತ್ ಹೋತ್ ಅಲ್ದಾ, ನಂಗೆ ಅದ್ ಸಾಕ್. ಕುನ್ನಿ ಗುರ್ ಅಂದ್ರೆ ಅನ್ಲಿ."

ಅಪ್ಪಯ್ಯ ಇನ್ನೂ ನಿಶ್ಚಿಂತರು. ಅನ್ನ ಹಾಕಿದ ಮನೆಯ ಮಕ್ಕಳನ್ನು ನಾಯಿ ಕಚ್ಚುವುದಿಲ್ಲ, ಉಂಡ ಮನೆಗೆ ಎರಡು ಬಗೆಯುವ ಬುದ್ಧಿ ಮನುಷ್ಯರಿಗೆ ಮಾತ್ರ ಇರುವುದು ಎಂದರು. ಆ ಅನ್ನ ಹಾಕುತ್ತಿರುವವರು ಯಾರು ಎಂದು ನಾನು ಕೇಳಿದೆ. ಅವರು ದೇವರ ಹರಿವಾಣವನ್ನು ಹುಣಸೆಹಣ್ಣಿನಿಂದ ತಿಕ್ಕುವುದರಲ್ಲೇ ಇದ್ದರು. ಇಷ್ಟು ಸಣ್ಣ ವಿಷಯ, ಕಣ್ಣೆದುರಿಗೇ ಇರುವ ವಿಷಯ, ಯಾಕೆ ಇವರಿಗೆ ಕಾಣುವುದಿಲ್ಲ?

ಅವರಿಗೆ ಕಾಣುತ್ತಿದ್ದದ್ದು ಮಗುವಿನ ಪಕ್ಕೆಲುಬು ಎಂಬುದು ಆಗ ನನಗೆ ಕಾಣಲಿಲ್ಲ. ಎರಡೂ ಕಡೆಯವರೂ ಮಗುವಿಗಾಗಿಯೇ ಹೆದರಿದ್ದೆವು, ಬೇರೆ ಬೇರೆ ಸಾವಿಗೆ.

ಹಟ ಹಿಡಿದು ಒಳಗೆ ಊಟ ಮಾಡಿಸಲು ಒಪ್ಪಿಸಿದೆ. ನೆಲ ನಾನೇ ಒರೆಸುತ್ತೇನೆ ಎಂದೆ. ಎರಡು ದಿನ ಒರೆಸಿದೆ. ನನ್ನ ಒರೆಸುವಿಕೆಯನ್ನು ನಂಬದೆ ಅಮ್ಮ ನಾನು ಎದ್ದ ಮೇಲೆ ಮತ್ತೊಮ್ಮೆ ಒರೆಸಿದಳು, ಸೊಂಟ ಹಿಡಿದುಕೊಂಡು ಮಲಗಿದಳು. ಅದೂ ಹೋಗಲಿ, ಮಗು ಬಾಯಿಯನ್ನೇ ಬಿಡಲಿಲ್ಲ. ಬಾಗಿಲ ಕಡೆಗೆ ನೋಡಿ "ಕುನ್ನಿ, ಕುನ್ನಿ" ಎಂದು ಅತ್ತಿತು. ಎರಡು ದಿನದಲ್ಲಿ ಅದರ ಹೊಟ್ಟೆಗೆ ಹೋದದ್ದು ಗಂಜಿಯ ನೀರು. ಮೂರನೆಯ ದಿನ ಮೈ ಬೆಚ್ಚಗಾಯಿತು. ಅಕ್ಕ ನನ್ನೊಡನೆ ಮಾತು ಬಿಟ್ಟಳು. ಬಿ.ಎ. ಓದಿದ್ದು ಮಕ್ಕಳನ್ನು ಉಪವಾಸ ಹಾಕುವುದಕ್ಕೋ ಎಂದು ಅಮ್ಮ ನನಗೆ ಕೇಳುವಂತೆ ದನಕ್ಕೆ ಹೇಳಿದಳು.

ಆಮೇಲೆ ನಾನು ಬುದ್ಧಿವಂತಿಕೆ ಮಾಡಿದೆ. ಈ ಬರಹದಲ್ಲಿ ಅತ್ಯಂತ ಬೇಸರದಿಂದ ಬರೆಯುವ ಭಾಗ ಇದು.

ಮಗುವಿಗೆ ನಾಯಿ ಕಾಣಬೇಕು, ನಾಯಿಗೆ ಮಗು ಸಿಗಬಾರದು. ಹಾಗಾದರೆ ಊಟದ ಹೊತ್ತಿಗೆ ನಾಯಿಯನ್ನು ಅಂಗಳದ ಆಚೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರಾಯಿತು. ಊಟ ಮುಗಿದ ಮೇಲೆ ಬಿಟ್ಟರೆ ಮೆಟ್ಟಿಲು ನೆಕ್ಕುವ ಕೆಲಸವೂ ಆಗುತ್ತದೆ. ಕಟ್ಟುವುದೇನೋ ಸುಲಭ. ಬೆಳಿಗ್ಗೆ ಸ್ನಾನಕ್ಕೆ ಮೊದಲು ನಾನೇ ಕತ್ತದ ಹಗ್ಗವನ್ನು ಅದರ ಕುತ್ತಿಗೆಗೆ ಹಾಕಿ ಕಟ್ಟುತ್ತಿದ್ದೆ. ಬಿಡುವುದು ಕಷ್ಟ. ಮಗುವಿನ ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಮಡಿಯಲ್ಲಿರುತ್ತಿದ್ದೆವು. ಅಮ್ಮ ಅಡುಗೆಯ ಮಡಿಯಲ್ಲಿ, ಅಪ್ಪಯ್ಯನೋ ನಾನೋ ಪೂಜೆಯ ಮಡಿಯಲ್ಲಿ. ನಾಯಿಯ ಹಗ್ಗ ಮುಟ್ಟಿದರೆ ಮತ್ತೆ ಬಾವಿಕಟ್ಟೆಗೆ ಹೋಗಬೇಕು. ಅದಕ್ಕಾಗಿ ನಾನೊಂದು ಜಾರುಗಂಟು ಕಂಡುಹಿಡಿದೆ. ಕಂಬದ ಮೇಲ್ಗಡೆ ಕಟ್ಟಿ, ಅದರ ತುದಿಯಲ್ಲೊಂದು ಕುಣಿಕೆ ಬಿಟ್ಟೆ. ದಾಸವಾಳ ಕೊಯ್ಯುವ ಉದ್ದದ ಕೊಕ್ಕೆಕೋಲಿನಿಂದ ಆ ಕುಣಿಕೆಯನ್ನು ಎಳೆದರೆ ಗಂಟು ಬಿಚ್ಚಿಕೊಳ್ಳುತ್ತಿತ್ತು. ಒಣಗಿದ ಕೋಲಿಗೆ ಮೈಲಿಗೆಯಿಲ್ಲ. ಮಡಿಯಲ್ಲಿದ್ದವರೂ ದೂರದಲ್ಲಿ ನಿಂತು ನಾಯಿಯನ್ನು ಬಿಡಬಹುದು. ಅಪ್ಪಯ್ಯ ಆ ಗಂಟನ್ನು ಎರಡು ಸಲ ಎಳೆದು ನೋಡಿ ಮೆಚ್ಚಿದರು. ನಾನು ಮದ್ರಾಸಿನಿಂದ ಬಂದ ಮೇಲೆ ಅವರು ಮೆಚ್ಚಿದ ಮೊದಲ ವಿದ್ಯೆ ಅದು.

ಗದ್ದೆಯ ಅಂಚಿನಲ್ಲಿ ಹೋಗುತ್ತಿದ್ದ ನೆರೆಮನೆಯವರೊಬ್ಬರು ನನ್ನ ಕೈಯ ಹಗ್ಗ ಕಂಡು ನಿಂತರು. "ಹ್ವಾಯ್, ಬಿ.ಎ. ಮಾಡಿದ್ದಕ್ಕೆ ಕುನ್ನಿ ಕಟ್ಟು ಉದ್ಯೋಗ ಸಿಕ್ತಾ?" ಎಂದು ಕೇಳಿದರು. ಸಂಬಳ ಮಾತ್ರ ಗೊತ್ತಾಗಿಲ್ಲ ಎಂದೆ. ಆ ದಿನ ನನಗೆ ನಗು ಬರುತ್ತಿತ್ತು. ಯಾಕೆಂದರೆ ಉಪಾಯ ಫಲಿಸಿತ್ತು. ಮಗು ದೂರದ ನಾಯಿಯನ್ನು ನೋಡಿ ಕೈ ತಟ್ಟಿ ಆರು ತುತ್ತು ಉಂಡಿತ್ತು. ದಿನಚರಿಯಲ್ಲಿ "ಯಶಸ್ವಿ" ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಆ ಅಡಿಗೆರೆ ಈಗಲೂ ಇದೆ. ಆ ಪುಟವನ್ನೇ ಹರಿದು ಹಾಕೋಣ ಎಂದು ಒಮ್ಮೆ ಅನ್ನಿಸಿ, ಹಾಗೆಯೇ ಬಿಟ್ಟೆ.

ಹಗ್ಗ ಕಟ್ಟುವಾಗ ನಾನು ನಾಯಿಯ ಕಡೆಯಿಂದ ಯೋಚಿಸಿರಲಿಲ್ಲ. ಅಮ್ಮನ ಕೈ ಅಷ್ಟು ದೂರಕ್ಕೆ ಎಸೆಯಲಾರದು. ಆದ್ದರಿಂದ ಗೋಲಿಯ ಪಾಲೂ ನಿಂತುಹೋಯಿತು. ಅನ್ನ ಕಾಣುತ್ತದೆ, ವಾಸನೆ ಬರುತ್ತದೆ, ಕುತ್ತಿಗೆಗೆ ಹಗ್ಗ. ಎರಡನೆಯ ದಿನ ಅದು ಬೊಗಳಿ ಬೊಗಳಿ ಗಂಟಲು ಕಟ್ಟಿಸಿಕೊಂಡಿತು. ಮೂರನೆಯ ದಿನ ಬೊಗಳಲಿಲ್ಲ. ಪಳಗಿತು ಎಂದುಕೊಂಡೆ. ಬಿಟ್ಟ ಕೂಡಲೇ ಬಾಣದ ಹಾಗೆ ಮೆಟ್ಟಿಲಿಗೆ ಹೋಗುತ್ತಿತ್ತು. ಅಷ್ಟು ಹೊತ್ತಿಗೆ ಅಕ್ಕ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿರುತ್ತಿದ್ದಳು.

ನಾಲ್ಕನೆಯ ದಿನ ಅಪ್ಪಯ್ಯ ಯಡ್ತರೆಗೆ ಹೋಗಿದ್ದರು, ಅಕ್ಕನ ಗಂಡನ ಮನೆಯ ಕಡೆ ಏನೋ ಶ್ರಾದ್ಧ. ಮಧ್ಯಾಹ್ನದ ಪೂಜೆ ನನ್ನದು. ಸ್ನಾನ ಮಾಡಿ, ಪಟ್ಟೆ ಉಟ್ಟು, ದೇವಸ್ಥಾನಕ್ಕೆ ಹೊರಟು ನಿಂತಿದ್ದೆ. ಮಗುವಿನ ಊಟ ಮುಗಿದಿತ್ತು. ನಾಯಿಯನ್ನು ಬಿಟ್ಟೇ ಹೋಗೋಣ ಎಂದು ಕೊಕ್ಕೆಕೋಲು ತೆಗೆದು ಕುಣಿಕೆ ಎಳೆದೆ.

ಮಗು ಇನ್ನೂ ಮೆಟ್ಟಿಲ ಮೇಲಿತ್ತು. ಆ ಹೊತ್ತು ಉಣ್ಣಿಸಿದ್ದ ಅಕ್ಕ ಅದರ ಕೈ ತೊಳೆಸಲು ನೀರು ತರಲು ಹೋಗಿದ್ದಳು. ಮಗುವಿನ ಮುಷ್ಟಿಯಲ್ಲಿ ಅನ್ನವಿತ್ತು.

ಇಲ್ಲಿ ನನ್ನ ನೆನಪಿನಲ್ಲಿರುವುದು ಹೀಗೆ: ಅಮ್ಮ ಮಡಿಸೀರೆಯಲ್ಲಿ ಬಾಗಿಲ ಬಳಿ, ಮಗುವಿನಿಂದ ಒಂದು ಕೈಯಳತೆಯಲ್ಲಿ ನಿಂತಿದ್ದಾಳೆ. ನಾಯಿ ಹಾರಿ ಬರುವುದನ್ನು ಕಂಡು ಸೆರಗನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ನಾಯಿ ತಾಗೀತು ಎಂಬ ಆ ಒಂದು ಗಳಿಗೆಯ ಹಿಂಜರಿಕೆ. ನಾನು ಅಂಗಳದ ಆಚೆಯಿಂದ ಓಡುತ್ತಿದ್ದೇನೆ. ಈ ಚಿತ್ರವನ್ನು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಮಡಿ ಮೈಲಿಗೆಯ ಮೇಲೆ ಯಾರಾದರೂ ವಾದ ಎತ್ತಿದರೆ ಇದನ್ನೇ ಉದಾಹರಣೆಯಾಗಿ ಹೇಳಿದ್ದೂ ಉಂಟು.

ದಿನಚರಿಯಲ್ಲಿ ಇರುವುದು ಇಷ್ಟೇ: "ಕೊಕ್ಕೆಯಿಂದ ನಾಯಿ ಬಿಟ್ಟೆ. ಮಗುವಿನ ಕೈಗೆ ಹಲ್ಲು ಹೊಕ್ಕಿತು. ಅಕ್ಕ ಬಂದು ಎತ್ತಿಕೊಂಡಳು." ಅಮ್ಮ ಎಲ್ಲಿಯೂ ಇಲ್ಲ. ನಾನು ಓಡಿದೆ ಎಂದೂ ಇಲ್ಲ. ಅಮ್ಮ ತೀರಿಹೋದ ಮೇಲೆ ಒಮ್ಮೆ ಅಕ್ಕನನ್ನು ಕೇಳಿದಾಗ, ಅಮ್ಮ ಆಗ ಒಲೆಯ ಮುಂದೆ ನೈವೇದ್ಯದ ಅನ್ನ ಬಸಿಯುತ್ತಿದ್ದಳು, ಕೂಗು ಕೇಳಿ ಬಂದವಳು ಆ ಮಡಿಯಲ್ಲೇ ನಾಯಿಗೆ ಸೌಟಿನಿಂದ ಹೊಡೆದಳು ಎಂದಳು. ನಾನೆಲ್ಲಿದ್ದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಪಟ್ಟೆ ಉಟ್ಟುಕೊಂಡು ಕೋಲು ಹಿಡಿದು ನಿಂತವನು ಆ ಹೊತ್ತಿಗೆ ಅಂಗಳದಲ್ಲಿ ಒಬ್ಬನೇ ಇದ್ದ.

ಮಗುವಿನ ಮುಂಗೈಯ ಮೇಲೆ ಎರಡು ತೂತು, ಒಂದು ಗೀರು. ಅಕ್ಕ ಸೀಗೆಯ ನೀರಿನಿಂದ ತೊಳೆದು ಅರಿಸಿನ ಹಚ್ಚಿದಳು. ಅವಳು ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ದೇವಸ್ಥಾನದಲ್ಲಿ ಪೂಜೆ ತಪ್ಪುವಂತಿರಲಿಲ್ಲ. ನಾನು ಹೋಗಿ ಪೂಜೆ ಮುಗಿಸಿ ಬಂದೆ. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಕುಂದಾಪುರದ ಬಸ್ಸು ಹೇಗೂ ಮಧ್ಯಾಹ್ನ ಕಳೆದ ಮೇಲೆಯೇ ಬರುತ್ತಿದ್ದದ್ದು, ಪೂಜೆಯಿಂದ ಹೊತ್ತು ಹಾಳಾಗಲಿಲ್ಲ ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಅದು ನಿಜವೇ. ಆದರೂ ಹೇಳಿಕೊಳ್ಳಬೇಕಾಗುತ್ತದೆ.

ಡಾಕ್ಟರು ಗಾಯವನ್ನು ಸಾಬೂನಿನಲ್ಲಿ ಬಹಳ ಹೊತ್ತು ತೊಳೆದರು. ನಾಯಿ ಎಲ್ಲಿದೆ, ಕೊಂದಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಕೊಲ್ಲಬೇಡಿ, ಓಡಿಸಲೂ ಬೇಡಿ, ಹತ್ತು ದಿನ ಕಟ್ಟಿ ಹಾಕಿ, ಹೊಟ್ಟೆ ತುಂಬ ಅನ್ನ ನೀರು ಕೊಟ್ಟು ನೋಡುತ್ತಿರಿ ಎಂದರು. ಹುಚ್ಚಿದ್ದರೆ ಅಷ್ಟರೊಳಗೆ ಗೊತ್ತಾಗುತ್ತದೆ, ಸ್ವಲ್ಪ ಏರುಪೇರು ಕಂಡರೂ ಅದೇ ದಿನ ಮಗುವನ್ನು ತರಬೇಕು, ಹೊಟ್ಟೆಗೆ ಸೂಜಿ ಶುರು ಮಾಡಬೇಕಾಗುತ್ತದೆ. ನಾಯಿ ಸೌಖ್ಯವಾಗಿದ್ದರೆ ಏನೂ ಬೇಡ. ಅಕ್ಕ ಮಗುವಿನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದಳು. ಆ ಹೊಟ್ಟೆಯಲ್ಲಿ ಸೂಜಿ ಹಿಡಿಯುವಷ್ಟು ಚರ್ಮವೂ ಇರಲಿಲ್ಲ.

ಹೀಗೆ ಮಗುವನ್ನು ಕಚ್ಚಿದ ನಾಯಿಯ ಆರೋಗ್ಯವನ್ನು ಇಡೀ ಮನೆ ಕಾಯಬೇಕಾಯಿತು. ಯಡ್ತರೆಯಿಂದ ಬಂದ ಅಪ್ಪಯ್ಯನಿಗೆ ಇದು ಅರ್ಥವಾಗಲೇ ಇಲ್ಲ. ಕಚ್ಚಿದ್ದಕ್ಕೆ ಸನ್ಮಾನವೋ ಎಂದರು. ಹತ್ತು ದಿನ ಕಳೆಯಲಿ, ಮತ್ತೆ ಯಡ್ತರೆಗೆ ಹೋಗುವುದಿದೆ, ಆಗ ಗೋಣಿಯಲ್ಲಿ ಹಾಕಿಕೊಂಡು ಹೋಗಿ ಗಂಗೊಳ್ಳಿಯ ಕಡವು ದಾಟಿಸಿ ಬಿಡುತ್ತೇನೆ, ಹೊಳೆ ದಾಟಿದ ನಾಯಿಗೆ ಮನೆಯ ದಾರಿ ಸಿಗುವುದಿಲ್ಲ ಎಂದು ತೀರ್ಮಾನ ಮಾಡಿದರು.

ಡಾಕ್ಟರ ಮಾತಿಗೆ ಹೆದರಿ ಅಮ್ಮ ನಾಯಿಗೆ ಎರಡು ಹೊತ್ತು ಅನ್ನ ಕೊಡತೊಡಗಿದಳು. ಹಳೆಯ ಮರದ ಮರಿಗೆಯಲ್ಲಿ, ಮಗು ಏಳುವ ಮೊದಲು ಒಮ್ಮೆ, ಮಧ್ಯಾಹ್ನ ಮಗುವಿನ ಊಟಕ್ಕೆ ಮೊದಲು ಒಮ್ಮೆ. ಮೂರನೆಯ ದಿನದ ಹೊತ್ತಿಗೆ ನಾಯಿ ಬೇರೆಯೇ ಆಯಿತು. ಉಂಡು, ಹಿತ್ತಿಲ ನೆರಳಿನಲ್ಲಿ ಕಾಲು ಚಾಚಿ ಮಲಗುತ್ತಿತ್ತು. ಮೆಟ್ಟಿಲ ಕಡೆಯಿಂದ ಅನ್ನದ ವಾಸನೆ ಬಂದರೂ ತಲೆ ಎತ್ತುತ್ತಿರಲಿಲ್ಲ. ನಾನು ತಿಂಗಳಿನಿಂದ ಹೇಳಿದ್ದು ಇದೇ. ಆದರೆ ಆ ಮನೆಯಲ್ಲಿ ಯಾರಿಗೂ ಹಾಗೆ ಅನ್ನಿಸಲಿಲ್ಲ. ನಾಯಿಯ ಗ್ರಹಗತಿ ಬದಲಾಯಿತು, ಹರಕೆ ಹೊತ್ತದ್ದರಿಂದ ಶಾಂತವಾಯಿತು ಎಂದೆಲ್ಲ ಮಾತಾಯಿತು. ಐದನೆಯ ದಿನ ಅಮ್ಮ, ನಾಯಿಗೆ ಮೊದಲೇ ಒಂದು ಹಿಡಿ ಹಾಕಿದ್ದರೆ ಇದೆಲ್ಲ ಆಗುತ್ತಿರಲಿಲ್ಲ, ತಾನು ಆಗಲೇ ಹಾಗೆ ಅಂದುಕೊಂಡಿದ್ದೆ ಎಂದಳು. ನಾನು ಎದ್ದು ಗದ್ದೆಯ ಕಡೆಗೆ ಹೋದೆ.

ಕಚ್ಚಿಸಿಕೊಂಡವರ ಹೊಟ್ಟೆಗೆ ಹುಚ್ಚಿನ ವಿಷ ಇಳಿದಿದ್ದರೆ ಅವರಿಗೆ ನೀರಿನಲ್ಲಿ ನಾಯಿಯ ನೆರಳು ಕಾಣುತ್ತದೆ ಎಂದು ನಮ್ಮ ಕಡೆ ಒಂದು ನಂಬಿಕೆ. ಅಮ್ಮ ದಿನವೂ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಹೋಗಿ ಬಾವಿಯಲ್ಲಿ ಬಗ್ಗಿಸಿ ತೋರಿಸುತ್ತಿದ್ದಳು. ನಾಯಿಗಿಂತ ಬಾವಿಯೇ ಅಪಾಯ ಎಂದು ನಾನು ಕೂಗಾಡಿದೆ. ಏಳನೆಯ ದಿನವಿರಬೇಕು, "ನೀರಂಗೆ ಎಂತ ಕಾಣ್ತ್ ಮಗಾ?" ಎಂದು ಅಮ್ಮ ಕೇಳಿದಾಗ ಮಗು ಸಂತೋಷದಿಂದ "ಕುನ್ನಿ" ಎಂದಿತು. ಅಮ್ಮ ಮಗುವನ್ನು ಎದೆಗವಚಿಕೊಂಡು ಅಕ್ಕನನ್ನು ಕೂಗಿ ಕರೆದಳು. ಅಕ್ಕ ಬಸ್ಸಿಗೆ ಹೊರಡಲು ಸೀರೆ ಬದಲಿಸಿದಳು. ಒಂದು ವಾರದಿಂದ ನಾವು ನಾಯಿಯ ಹತ್ತಿರ ಹೋಗಲು ಬಿಡದ ಮಗು ಏನು ಕೇಳಿದರೂ ಕುನ್ನಿ ಎನ್ನುತ್ತದೆ ಎಂದು ತಿಳಿಸಲು ನಾನು ಅದಕ್ಕೆ ಹರಿವಾಣ ತೋರಿಸಿದೆ, ಗೋಡೆ ತೋರಿಸಿದೆ, ನನ್ನ ಮುಖವನ್ನೇ ತೋರಿಸಿದೆ. ಎಲ್ಲದರಲ್ಲೂ ಕುನ್ನಿಯಿತ್ತು. ಆಗ ಅಕ್ಕ, ಆ ಹತ್ತು ದಿನಗಳಲ್ಲಿ ಒಂದೇ ಸಲ, ನಕ್ಕಳು.

ಆದರೆ ಮಗು ಉಣ್ಣುವುದು ಮತ್ತೆ ಕಡಿಮೆಯಾಗಿತ್ತು. ನಾಯಿಯನ್ನು ಮನೆಯ ಹಿಂದೆ ಕಟ್ಟಿದ್ದರಿಂದ ಮೆಟ್ಟಿಲಿನಿಂದ ಅದು ಕಾಣುತ್ತಿರಲಿಲ್ಲ. ಮೂರು ತುತ್ತು, ಎರಡು ತುತ್ತು. ಅಕ್ಕ ಮತ್ತೆ ಪಕ್ಕೆಲುಬು ಸವರಲು ಶುರು ಮಾಡಿದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಅಪ್ಪಯ್ಯ ಗೋಣಿ ತಂದು ಜಗಲಿಯ ಮೇಲೆ ಇಟ್ಟರು. ನಾನು ಹಗ್ಗ ಬಿಚ್ಚಿ ನಾಯಿಯನ್ನು ಅಂಗಳಕ್ಕೆ ತಂದಿದ್ದೆ. ವಾದಕ್ಕೆ ಸಿದ್ಧನಾಗಿಯೇ ಬಂದಿದ್ದೆ. ತಪ್ಪು ನಾಯಿಯದಲ್ಲ, ಹಸಿವಿನದು, ಈಗ ಅದು ಶಾಂತವಾಗಿದೆ, ಮೊದಲು ಉಣ್ಣಿಸಿ ಆಮೇಲೆ... ಎಂದು ಶುರು ಮಾಡಿದ್ದೆ. ಅಕ್ಕ ಮಗುವನ್ನು ಅಮ್ಮನ ಕೈಗೆ ಕೊಟ್ಟು ಮೆಟ್ಟಿಲಿಳಿದು ಬಂದಳು. ನಾಯಿಯ ಹಗ್ಗ ಮುಟ್ಟಿದರೆ ಸ್ನಾನವಾಗಬೇಕು ಎಂಬುದನ್ನು ಯೋಚಿಸಲೂ ಇಲ್ಲ.

"ಹಗ್ಗ ಕೊಡ್ ಇಲ್ಲಿ" ಎಂದಳು. ಕೊಟ್ಟೆ. ಅವಳು ಅದನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಳು. "ಕುನ್ನಿ ಇಲ್ಲೇ ಇರತ್ತ್ ಅಪ್ಪಯ್ಯ. ಅದ್ ಕಾಣದಿರೆ ಹೆಣ್ ಉಂತಿಲ್ಲೆ. ಅದಕ್ ಮೊದ್ಲ್ ಹಾಕಿ, ಆಮೇಲೆ ಹೆಣ್ಣಿಗೆ. ಕಟ್ಟುದ್ ಬಿಡುದ್ ಎಲ್ಲ ಇನ್ ನಾನೇ, ಬೇರೆ ಯಾರೂ ಕೈ ಹಾಕುಕಾಗ."

ನಾನು ಹೇಳುತ್ತಿದ್ದದ್ದೂ ಇದನ್ನೇ ಅಲ್ಲವೇ ಎಂದೆ. ಅವಳು ನನ್ನ ಕಡೆ ತಿರುಗಿದಳು. ಆ ಹತ್ತು ದಿನಗಳಲ್ಲಿ ನನ್ನ ಮುಖ ನೋಡಿ ಅವಳು ಆಡಿದ ಮೊದಲ ಮಾತು ಅದು.

"ಹೌದ್ ಮಾರಾಯ. ನಿಂಗೆ ಹೇಳುಕೆ ಬತ್ತ್. ಹೆಣ್ಣನ್ ಎತ್ತುಕೆ ಬರ್ಲಿಲ್ಲೆ."

ದಿನಚರಿಯಲ್ಲಿ ಆ ದಿನದ ಪುಟದಲ್ಲಿ ಹವೆಯ ವಿಷಯ ಬರೆದಿದ್ದೇನೆ.

ಅಪ್ಪಯ್ಯ ಗೋಣಿಯನ್ನು ಒಳಗೆ ಇಟ್ಟರು. ಅಕ್ಕನ ಕ್ರಮದಲ್ಲಿ ಗಂಟಿಗೂ ಕೊಕ್ಕೆಗೂ ಕೆಲಸವಿರಲಿಲ್ಲ. ನಾಯಿ ಮರಿಗೆಯಲ್ಲಿ ಉಣ್ಣುವಾಗ ಮಗು ಅವಳ ಸೊಂಟದ ಮೇಲಿರುತ್ತಿತ್ತು. ಮಗು ಉಣ್ಣುವಾಗ ನಾಯಿ ಅಂಗಳದ ಆಚೆ, ಹಗ್ಗದ ತುದಿ ಅವಳ ಕಾಲಡಿಯಲ್ಲಿ. ಕೊನೆಯ ಅಗುಳನ್ನು ಅವಳೇ ಹೆಕ್ಕಿ, ಮಗುವಿನ ಕೈ ತೊಳೆದು, ಅದನ್ನು ಒಳಗೆ ಬಿಟ್ಟು ಬಂದು, ಆಮೇಲೆ ನಾಯಿಯನ್ನು ಬಿಡುತ್ತಿದ್ದಳು. ಪ್ರತಿ ಸಲವೂ ಹೋಗಿ ಸ್ನಾನ ಮಾಡುತ್ತಿದ್ದಳು. ಇಷ್ಟೊಂದು ಸ್ನಾನ ಮಾಡಿದರೆ ಶೀತವಾಗುತ್ತದೆ ಎಂದು ಅಮ್ಮ ಗೊಣಗಿದಳೇ ಹೊರತು ಬೇಡ ಎನ್ನಲಿಲ್ಲ. ಮಗುವಿಗೆ ಹೇಳುವ ಮಾತೂ ಬದಲಾಯಿತು. ಕುನ್ನಿ ತಿಂದುಬಿಡುತ್ತದೆ ಎಂದಲ್ಲ, ಕುನ್ನಿಯದು ಆಯಿತು, ಇನ್ನು ನಿನ್ನದು ಎಂದು. ಮಗು ನಾಯಿಯ ಹೊಟ್ಟೆಯನ್ನು ದೂರದಿಂದ ನೋಡಿ ಬಾಯಿ ತೆರೆಯುತ್ತಿತ್ತು.

ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನನ್ನ ಮಾತೇ ಗೆದ್ದಿತ್ತು, ಆದರೆ ನನ್ನನ್ನು ಬದಿಗಿಟ್ಟು ಗೆದ್ದಿತ್ತು. ಎರಡು ತಿಂಗಳು ಇದೇ ಸಿಟ್ಟಿನಲ್ಲಿ ಜಗಲಿಯ ಮೇಲೆ ಕೂತು ಪುಸ್ತಕ ಓದುವ ಹಾಗೆ ಮಾಡುತ್ತಿದ್ದೆ. ನಾಯಿಗೆ ದಿನಕ್ಕೆ ಎರಡು ಹೊತ್ತು ಅನ್ನ ಹಾಕಬೇಕೆಂದು ಮೊದಲಿನಿಂದಲೂ ಹೇಳಿದವನು ನಾನು. ಅಳೆದು ತಂದ ಅಕ್ಕಿಯ ಆ ಮನೆಯಲ್ಲಿ ಆ ಅನ್ನ ಎಲ್ಲಿಂದ ಬರಬೇಕು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಒಂದು ಮಧ್ಯಾಹ್ನ ನೀರು ಕುಡಿಯಲು ಒಳಗೆ ಹೋದಾಗ ಅಕ್ಕ ಒಬ್ಬಳೇ ಊಟಕ್ಕೆ ಕೂತಿದ್ದಳು. ಎಲೆಯ ಮೇಲೆ ಅನ್ನಕ್ಕಿಂತ ಬಸಳೆಯ ದಂಟೇ ಹೆಚ್ಚಿತ್ತು. ಅವಳ ಬಳೆ ಮಣಿಕಟ್ಟಿನಿಂದ ಮೊಣಕೈಯವರೆಗೆ ಜಾರಿತ್ತು. ಏನು ಇಷ್ಟೇ ಎಂದು ಕೇಳಿದೆ. ಹಸಿವಿಲ್ಲ ಎಂದಳು. ಹೊರಗೆ, ಉಂಡು ಮುಗಿಸಿದ ಮೇಲೂ, ಮಗು ಅಮ್ಮನ ಹತ್ತಿರ ಇನ್ನೊಂದು ತುತ್ತು ಕೇಳುತ್ತಿತ್ತು.